ಪತ್ರವೂ ಪತ್ರವನ್ನು ಒಯ್ಯುವವನೂ: ದೂರದ ವಿದ್ಯಾರ್ಥಿಗಳಿಗೆ ದೈವಶಾಸ್ತ್ರ ಶಿಕ್ಷಣ ನೀಡಿದ ಚರಿತ್ರೆಯಿಂದ ಕೆಲವು ಪಾಠಗಳು

ಸಭೆಯ ಸೇವೆಗೆ ಜನರನ್ನು ಸಿದ್ಧಪಡಿಸುವ ಕಾರ್ಯವನ್ನು ಕುರಿತು ಯೋಚಿಸುವಾಗ ನಮ್ಮ ಕಣ್ಣಮುಂದೆ ಸಹಜವಾಗಿ ಬರುವ ಚಿತ್ರವು ಒಂದು ಆವರಣದ್ದಾಗಿದೆ. ಅದರೊಳಗೆ ತರಗತಿಗಳು, ಗ್ರಂಥಾಲಯ, ಪ್ರಾರ್ಥನಾಲಯ, ವಸತಿಗೃಹ ಇವೆಲ್ಲ ಇರುತ್ತವೆ. ಅಭ್ಯರ್ಥಿಯು ತನ್ನ ಊರನ್ನು ಬಿಟ್ಟು ಅಲ್ಲಿಗೆ ಬರುತ್ತಾನೆ, ಮೂರು ನಾಲ್ಕು ವರ್ಷ ವ್ಯಾಸಂಗ ಮಾಡುತ್ತಾನೆ, ಅನಂತರ ಸಭೆಯು ಕಳುಹಿಸಿದ ಕಡೆಗೆ ಹೋಗುತ್ತಾನೆ. ಈ ಕ್ರಮದಿಂದ ನಮ್ಮ ಸಭೆಗಳಿಗೆ ಆಗಿರುವ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಗ್ರಾಮಸಭೆಗಳಲ್ಲಿ ಭಾನುವಾರದ ಆರಾಧನೆಯನ್ನು ನಡೆಸುವವರು, ರೋಗಿಗಳ ಬಳಿಯಲ್ಲಿ ಪ್ರಾರ್ಥಿಸುವವರು, ಮಕ್ಕಳಿಗೆ ಸತ್ಯವೇದವನ್ನು ಕಲಿಸುವವರು ಅನೇಕ ಸಂದರ್ಭಗಳಲ್ಲಿ ಇಂಥ ಆವರಣವನ್ನು ಎಂದೂ ಪ್ರವೇಶಿಸದವರೇ ಆಗಿದ್ದಾರೆ. ಒಬ್ಬ ಸಭಾಪಾಲಕರು ಹಲವು ಸಭೆಗಳನ್ನು ನೋಡಿಕೊಳ್ಳಬೇಕಾದ ಕಡೆಗಳಲ್ಲಿ ಉಪದೇಶಕರು, ಹಿರಿಯರು, ಸ್ತ್ರೀಯರ ಕೂಟದ ಮುಖಂಡರು ಈ ಭಾರವನ್ನು ಹೊತ್ತಿರುತ್ತಾರೆ. ಇವರಿಗೆ ಶಿಕ್ಷಣವನ್ನು ಯಾರು, ಎಲ್ಲಿ, ಹೇಗೆ ಕೊಡಬೇಕು? ಈ ಪ್ರಶ್ನೆಗೆ ಸಭೆಯು ಬೇರೆ ಬೇರೆ ಕಾಲಗಳಲ್ಲಿ ಕೊಟ್ಟ ಉತ್ತರಗಳನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಆದಿಸಭೆಯ ಎರಡು ಮಾದರಿಗಳು

ಹೊಸ ಒಡಂಬಡಿಕೆಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅಪೊಸ್ತಲನಾದ ಪೌಲನು ಎಫೆಸದಲ್ಲಿ ತುರನ್ನನ ತರ್ಕಶಾಲೆಯಲ್ಲಿ ಎರಡು ವರ್ಷ ಪ್ರತಿದಿನವೂ ವಾದಿಸಿ ಬೋಧಿಸಿದನೆಂದು ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ಇದು ಜನರು ಗುರುವಿನ ಬಳಿಗೆ ಬರುವ ಮಾದರಿ. ಇದರ ಹಿಂದಿನ ಅಧ್ಯಾಯದಲ್ಲಿಯೇ ಅಕ್ವಿಲ ಮತ್ತು ಪ್ರಿಸ್ಕಿಲ್ಲರು ಅಪೊಲ್ಲೋಸನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ನಿಖರವಾಗಿ ತಿಳಿಸಿಕೊಟ್ಟ ಪ್ರಸಂಗವಿದೆ. ಇಲ್ಲಿ ಗುರುಗಳಾದವರು ಗುಡಾರ ಹೊಲಿಯುವ ಕಸುಬಿನ ದಂಪತಿಗಳು; ವಿದ್ಯಾರ್ಥಿಯಾದವನು ಆಗಲೇ ಬೋಧಿಸುತ್ತಿದ್ದ ವಾಕ್ಚತುರನು.

ಕೊಲೊಸ್ಸೆಯ ಸಭೆಯ ಪ್ರಸಂಗವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಆ ಸಭೆಯವರು ಪೌಲನ ಮುಖವನ್ನು ನೋಡಿದವರಲ್ಲ. ಅವರು ಸುವಾರ್ತೆಯನ್ನು ಎಪಫ್ರನಿಂದ ಕಲಿತವರು. ಅವರಿಗೆ ಪೌಲನು ಪತ್ರವನ್ನು ಬರೆದನು. ಅದನ್ನು ಓದಿದ ಮೇಲೆ ಲವೊದಿಕೀಯದ ಸಭೆಯಲ್ಲಿಯೂ ಓದಿಸಬೇಕೆಂದು ಸೂಚಿಸಿದನು. ಆದರೆ ಆ ಪತ್ರವು ಒಂಟಿಯಾಗಿ ಹೋಗಲಿಲ್ಲ. ತುಖಿಕನು ಅವರ ಬಳಿಗೆ ಬಂದು ಮಿಕ್ಕ ಸಂಗತಿಗಳನ್ನು ಬಾಯಿಮಾತಿನಿಂದ ತಿಳಿಸಿ ಅವರ ಹೃದಯಗಳನ್ನು ಸಂತೈಸುವನೆಂದು ಅದೇ ಪತ್ರವು ಹೇಳುತ್ತದೆ. ಹೀಗೆ ಬರಹದ ಜೊತೆಗೆ ಒಬ್ಬ ಸಹೋದರನೂ ಹೋದನು. ಈ ಚಿಕ್ಕ ವಿವರವನ್ನು ನಾವು ನೆನಪಿನಲ್ಲಿ ಇಟ್ಟುಕೊಳ್ಳೋಣ. ಮುಂದಿನ ಚರಿತ್ರೆಯನ್ನು ಅಳೆಯಲು ಅದು ನಮಗೆ ಒಂದು ಅಳತೆಗೋಲಾಗುವುದು.

ಬರಬೇಕೆಂದು ಕರೆದ ಶಾಲೆಗಳು

ಕನ್ನಡ ನಾಡಿನ ಪ್ರಾಟೆಸ್ಟಂಟ್ ಸಭೆಗಳು ಪಡೆದ ಪರಂಪರೆಯು ಹೆಚ್ಚಾಗಿ ತುರನ್ನನ ಶಾಲೆಯದು. ಬಾಸೆಲ್ ಮಿಶನ್ನಿನ ಮೊದಲ ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1847ರಲ್ಲಿ ಅಲ್ಲಿ ದೈವಶಾಸ್ತ್ರ ಶಾಲೆಯು ಆರಂಭವಾಯಿತು. ಮಿಶನ್ನು ಕಸುಬಿನ ಶಿಕ್ಷಣವನ್ನೂ ಹೀಗೆಯೇ ಏರ್ಪಡಿಸಿತು. 1841ರಲ್ಲಿ ಮುದ್ರಣಾಲಯವೂ, 1851ರಲ್ಲಿ ಹಾಲರ್ ಎಂಬವರ ಮೇಲ್ವಿಚಾರಣೆಯಲ್ಲಿ ನೇಯ್ಗೆಯ ಕಾರ್ಖಾನೆಯೂ, 1865ರಲ್ಲಿ ಪ್ಲೆಬ್ಸ್ಟ್ ಎಂಬವರಿಂದ ಹಂಚಿನ ಕಾರ್ಖಾನೆಯೂ ಪ್ರಾರಂಭವಾದವು. ಕ್ರೈಸ್ತಮತವನ್ನು ಸ್ವೀಕರಿಸಿದ ಕಾರಣದಿಂದ ಮನೆಯನ್ನೂ ಗೇಣಿಯ ಭೂಮಿಯನ್ನೂ ಕುಲದ ಆಸರೆಯನ್ನೂ ಕಳೆದುಕೊಂಡವರಿಗೆ ಜೀವನೋಪಾಯವನ್ನು ಒದಗಿಸುವುದು ಈ ಉದ್ಯಮಗಳ ಮುಖ್ಯ ಉದ್ದೇಶವಾಗಿತ್ತು. ಆ ಕಾಲದ ಕಷ್ಟವನ್ನು ತಿಳಿದವರು ಯಾರೂ ಅದನ್ನು ಹಗುರವಾಗಿ ನೋಡಲಾರರು.

ಆದಾಗ್ಯೂ ಈ ಕ್ರಮದ ಇನ್ನೊಂದು ಮುಖವನ್ನೂ ನಾವು ನೋಡಬೇಕು. ಮಗ್ಗದ ಕೆಲಸವನ್ನು ಕಲಿಯಬೇಕಾದವನೂ ಗ್ರೀಕ್ ಭಾಷೆಯನ್ನು ಕಲಿಯಬೇಕಾದವನೂ ತನ್ನ ಊರನ್ನು ಬಿಟ್ಟು ಮಿಶನ್ ಆವರಣದ ಬಳಿಗೆ ಬರಬೇಕಾಗಿತ್ತು. ವಿದ್ಯೆಯೂ ಆಶ್ರಯವೂ ಒಂದೇ ಸ್ಥಳದಲ್ಲಿ ದೊರೆಯುತ್ತಿದ್ದವು. ಇದರಿಂದ ಕಲಿತವನು ಊರಿಗೆ ಹಿಂದಿರುಗುವುದಕ್ಕಿಂತ ಆವರಣದ ನೆರೆಯಲ್ಲಿ ನೆಲೆಸುವುದೇ ಸಹಜವಾಯಿತು. ಶಿಕ್ಷಣವೆಂದರೆ ಹೊರಟು ಬರುವುದು ಎಂಬ ಭಾವನೆಯು ನಮ್ಮ ಸಭೆಗಳ ಮನಸ್ಸಿನಲ್ಲಿ ಬೇರೂರಿತು. ಸೇವೆಯ ಕರೆಯನ್ನು ಹೊಂದಿದ ಯುವಕನಿಗೆ ‘ಎಲ್ಲಿ ಸೇವೆ ಮಾಡುತ್ತಿದ್ದೀ?’ ಎಂದು ಕೇಳುವುದಕ್ಕೆ ಮೊದಲು ‘ಯಾವ ಕಾಲೇಜಿಗೆ ಹೋಗುತ್ತೀ?’ ಎಂದು ನಾವು ಇಂದಿಗೂ ಕೇಳುತ್ತೇವೆ.

ಅಂಚೆಯ ಮೂಲಕ ಹೀಬ್ರೂ, ಅಂಚೆಯ ಮೂಲಕ ಗಣಿವಿದ್ಯೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಲ್ಲಿ ಬೇರೊಂದು ಪ್ರಯತ್ನವು ನಡೆಯಿತು. ವಿಲಿಯಂ ರೈನಿ ಹಾರ್ಪರ್ ಎಂಬ ಹೀಬ್ರೂ ವಿದ್ವಾಂಸರು ಷಿಕಾಗೋ ನಗರದ ಬಳಿಯ ಮಾರ್ಗನ್ ಪಾರ್ಕಿನಲ್ಲಿದ್ದ ಬ್ಯಾಪ್ಟಿಸ್ಟ್ ದೈವಶಾಸ್ತ್ರ ಶಾಲೆಯಲ್ಲಿ 1879ರಿಂದ ಅಧ್ಯಾಪಕರಾಗಿದ್ದರು. ಹೀಬ್ರೂ ಭಾಷೆಯನ್ನು ಕಲಿಯಲು ಅಪೇಕ್ಷಿಸುವ ಸಭಾಪಾಲಕರು ದೇಶದ ಉದ್ದಗಲಕ್ಕೂ ಚದುರಿದ್ದರು. ತಮ್ಮ ಸಭೆಗಳನ್ನು ಬಿಟ್ಟು ಬರುವುದು ಅವರಿಗೆ ಸಾಧ್ಯವಿರಲಿಲ್ಲ. ಅವರಿಗಾಗಿ ಹಾರ್ಪರರು 1880ರ ದಶಕದ ಆರಂಭದಲ್ಲಿ ಪಾಠಗಳನ್ನು ಅಚ್ಚುಮಾಡಿಸಿ ಅಂಚೆಯ ಮೂಲಕ ಕಳುಹಿಸಿದರು. ವಿದ್ಯಾರ್ಥಿಯು ಉತ್ತರಗಳನ್ನು ಬರೆದು ಕಳುಹಿಸುತ್ತಿದ್ದನು. ಅವು ತಿದ್ದಲ್ಪಟ್ಟು ಮುಂದಿನ ಪಾಠದೊಡನೆ ಹಿಂದಿರುಗುತ್ತಿದ್ದವು. 1892ರಲ್ಲಿ ತರಗತಿಗಳನ್ನು ಆರಂಭಿಸಿದ ಷಿಕಾಗೋ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದಾಗ ಅವರು ಅಂಚೆ ಶಿಕ್ಷಣವನ್ನು ಆ ವಿಶ್ವವಿದ್ಯಾಲಯದ ಅಂಗವಾಗಿಯೇ ಮಾಡಿದರು. ಆಧುನಿಕ ದೂರಶಿಕ್ಷಣದ ಚರಿತ್ರೆಯಲ್ಲಿ ಹಳೆಯ ಒಡಂಬಡಿಕೆಯ ಭಾಷೆಗೆ ಒಂದು ಸ್ಥಾನವಿದೆ ಎಂಬುದನ್ನು ನಾವು ಮರೆಯಬಾರದು.

ಅದೇ ಕಾಲದಲ್ಲಿ ಪೆನ್ಸಿಲ್ವೇನಿಯದ ಕಲ್ಲಿದ್ದಲು ಪ್ರಾಂತದಲ್ಲಿ ತಾಂತ್ರಿಕ ಶಿಕ್ಷಣವು ಅಂಚೆಯನ್ನು ಅವಲಂಬಿಸಿತು. 1869ರ ಸೆಪ್ಟೆಂಬರಿನಲ್ಲಿ ಏವನ್‌ಡೇಲ್ ಗಣಿಯಲ್ಲಿ ಬೆಂಕಿ ಹತ್ತಿ 110 ಮಂದಿ ಸತ್ತರು. ಇಂಥ ದುರಂತಗಳ ತರುವಾಯ ಗಣಿಯ ಸುರಕ್ಷತೆಗಾಗಿ ಕಾಯಿದೆಗಳಾದವು. ಗಣಿಯ ಮೇಸ್ತ್ರಿಗಳು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ನಿಯಮವೂ ಬಂದಿತು. ಆದರೆ ಬಾಲ್ಯದಿಂದಲೇ ನೆಲದೊಳಗೆ ದುಡಿದವನು ಗಣಿತವನ್ನೂ ಗಾಳಿಯ ಸಂಚಾರದ ಶಾಸ್ತ್ರವನ್ನೂ ಎಲ್ಲಿ ಕಲಿತಾನು? ಪತ್ರಿಕಾ ಸಂಪಾದಕರಾಗಿದ್ದ ಥಾಮಸ್ ಫಾಸ್ಟರ್ ತಮ್ಮ ಪತ್ರಿಕೆಯಲ್ಲಿ ಗಣಿಗಾರರ ಪ್ರಶ್ನೆಗಳಿಗೆ ಉತ್ತರಗಳನ್ನು ಪ್ರಕಟಿಸುತ್ತಿದ್ದರು. 1891ರಲ್ಲಿ ಅವರು ಸ್ಕ್ರಾಂಟನ್ ಪಟ್ಟಣದಿಂದ ಗಣಿವಿದ್ಯೆಯ ಅಂಚೆ ಶಾಲೆಯನ್ನೇ ಆರಂಭಿಸಿದರು. ಕೂಡುವುದು ಕಳೆಯುವುದರಿಂದ ಮೊದಲುಗೊಂಡು ಹಂತಹಂತವಾಗಿ ಮೇಲೇರುವ ಪಾಠಪುಸ್ತಕಗಳನ್ನು ಅದಕ್ಕಾಗಿಯೇ ಬರೆಯಿಸಲಾಯಿತು. ಕೆಲಸವನ್ನು ಬಿಡದೆಯೇ ಕಲಿಯಬಹುದು ಎಂಬ ಮಾತು ಬಡ ಕೆಲಸಗಾರರಿಗೆ ದೊಡ್ಡ ನಿರೀಕ್ಷೆಯನ್ನು ಕೊಟ್ಟಿತು. ಈ ಸಂಸ್ಥೆಯು ಮುಂದೆ ಅನೇಕ ಕಸುಬುಗಳ ಶಿಕ್ಷಣವನ್ನು ಕೈಗೊಂಡು ಅಂತರರಾಷ್ಟ್ರೀಯ ಅಂಚೆ ಶಾಲೆಗಳೆಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಆದರೆ ಒಂದು ಕೊರತೆಯು ಬೇಗನೆ ಕಾಣಿಸಿಕೊಂಡಿತು. ಅಂಚೆ ಶಾಲೆಗಳಿಗೆ ಹೆಸರು ಕೊಟ್ಟವರಲ್ಲಿ ಬಹುಪಾಲು ಜನರು ಪಾಠಕ್ರಮವನ್ನು ಕೊನೆಗಾಣಿಸಲಿಲ್ಲ. ಹಗಲೆಲ್ಲ ದುಡಿದು ಬಂದವನು ರಾತ್ರಿ ದೀಪದ ಬೆಳಕಿನಲ್ಲಿ ಒಬ್ಬನೇ ಕುಳಿತು ಓದಬೇಕಾಗಿತ್ತು. ಸಂಶಯ ಬಂದರೆ ಕೇಳಲು ನೆರೆಯಲ್ಲಿ ಯಾರೂ ಇರಲಿಲ್ಲ; ಮನಸ್ಸು ಕುಗ್ಗಿದಾಗ ಎತ್ತಿ ನಿಲ್ಲಿಸುವ ಸಹಪಾಠಿಯೂ ಇರಲಿಲ್ಲ. ಅಂಚೆಯು ದೂರವನ್ನು ಜಯಿಸಿತು, ಒಂಟಿತನವನ್ನು ಜಯಿಸಲಿಲ್ಲ. ಪತ್ರವು ಬಂದಿತು, ತುಖಿಕನು ಬರಲಿಲ್ಲ.

ಗ್ವಾಟೆಮಾಲದ ಪ್ರಯೋಗ

ಈ ಕೊರತೆಯನ್ನು ಅರಿತು ಹೊಸ ದಾರಿಯನ್ನು ಹುಡುಕಿದ ಕೀರ್ತಿಯು ಮಧ್ಯ ಅಮೆರಿಕದ ಒಂದು ಚಿಕ್ಕ ಸಂಸ್ಥೆಗೆ ಸಲ್ಲುತ್ತದೆ. ಗ್ವಾಟೆಮಾಲ ದೇಶದ ಪ್ರೆಸ್ಬಿಟೇರಿಯನ್ ಸಭೆಯ ದೈವಶಾಸ್ತ್ರ ಶಾಲೆಯು ಆ ದೇಶದ ರಾಜಧಾನಿಯಲ್ಲಿತ್ತು. 1962ರಲ್ಲಿ ಅದರ ಅಧ್ಯಾಪಕರು ತಮ್ಮ ಇಪ್ಪತ್ತೈದು ವರ್ಷಗಳ ಕೆಲಸದ ಲೆಕ್ಕವನ್ನು ತೆಗೆದರು. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಶಾಲೆಗೆ ಸೇರಿದ್ದರು. ಅವರಲ್ಲಿ ಆಗ ಸಭಾಪಾಲಕರಾಗಿ ಸೇವೆಯಲ್ಲಿ ಉಳಿದಿದ್ದವರು ಹತ್ತು ಮಂದಿ ಮಾತ್ರ. ಈ ಲೆಕ್ಕವು ಯಾವ ಸಂಸ್ಥೆಗಾದರೂ ನೋವನ್ನುಂಟುಮಾಡುವಂಥದ್ದು. ಅದನ್ನು ಮರೆಮಾಡದೆ ಅದರ ಕಾರಣವನ್ನು ವಿಚಾರಿಸಿದ್ದೇ ಆ ಅಧ್ಯಾಪಕರ ಮೊದಲ ಒಳ್ಳೆಯ ಕೆಲಸವೆಂದು ನಾವು ಎಣಿಸುತ್ತೇವೆ.

ಕಾರಣಗಳು ದೂರದಲ್ಲಿರಲಿಲ್ಲ. ಹಳ್ಳಿಗಾಡಿನ ಯುವಕನು ರಾಜಧಾನಿಗೆ ಬಂದು ಹಲವು ವರ್ಷ ಕಳೆದ ಮೇಲೆ ಹಳ್ಳಿಯ ಜೀವನಕ್ಕೂ ಅಲ್ಲಿಯ ಅಲ್ಪ ಸಂಬಳಕ್ಕೂ ಹಿಂದಿರುಗಲು ಹಿಂಜರಿಯುತ್ತಿದ್ದನು. ಇತ್ತ ಹಳ್ಳಿಗಳಲ್ಲಿ ಸಭೆಯ ನಿಜವಾದ ಮುಖಂಡರು ಬೇರೆಯವರೇ ಆಗಿದ್ದರು. ಅವರು ನಡುವಯಸ್ಸಿನವರು, ಹೆಂಡತಿ ಮಕ್ಕಳುಳ್ಳವರು, ಹೊಲವನ್ನೋ ಅಂಗಡಿಯನ್ನೋ ನಂಬಿ ಬದುಕುವವರು. ಅವರ ನಡತೆಯನ್ನೂ ವರಗಳನ್ನೂ ಸಭೆಯು ವರ್ಷಗಳಿಂದ ನೋಡಿ ಒಪ್ಪಿಕೊಂಡಿತ್ತು. ಅವರು ಮನೆಯನ್ನು ಬಿಟ್ಟು ವಸತಿ ಶಾಲೆಗೆ ಬರಲಾರರು. ಹೀಗೆ ಶಾಲೆಯು ಸಭೆಯು ಇನ್ನೂ ಪರೀಕ್ಷಿಸದ ಯುವಕರಿಗೆ ಶಿಕ್ಷಣ ಕೊಡುತ್ತಿತ್ತು. ಸಭೆಯು ಆಗಲೇ ಆರಿಸಿಕೊಂಡವರಿಗೆ ಕೊಡುತ್ತಿರಲಿಲ್ಲ.

ಮೊದಲು ಶಾಲೆಯನ್ನು ರಾಜಧಾನಿಯಿಂದ ಗ್ರಾಮಾಂತರದ ಸಾನ್ ಫೆಲಿಪೆ ಎಂಬ ಊರಿಗೆ ಸ್ಥಳಾಂತರಿಸಲಾಯಿತು. ಆದರೂ ಮುಖಂಡರು ಬರಲಾಗಲಿಲ್ಲ. ಹತ್ತಿರದ ಊರೂ ಕುಟುಂಬಸ್ಥನಿಗೆ ದೂರವೇ. ಆಗ 1963ರಲ್ಲಿ ಜೇಮ್ಸ್ ಎಮರಿ ಮತ್ತು ರಾಲ್ಫ್ ವಿಂಟರ್ ಇವರ ಮುಂದಾಳುತನದಲ್ಲಿ ಶಾಲೆಯೇ ವಿದ್ಯಾರ್ಥಿಗಳ ಬಳಿಗೆ ಹೋಗಲು ನಿರ್ಧರಿಸಿತು. 1964ರಲ್ಲಿ ರಾಸ್ ಕಿನ್ಸ್ಲರ್ ಇವರನ್ನು ಕೂಡಿಕೊಂಡರು. ಬೇರೆ ಬೇರೆ ಪ್ರದೇಶಗಳಲ್ಲಿ ಕೇಂದ್ರಗಳನ್ನು ಗೊತ್ತುಮಾಡಲಾಯಿತು. ವಿದ್ಯಾರ್ಥಿಗಳು ವಾರವೆಲ್ಲ ತಮ್ಮ ಮನೆಗಳಲ್ಲಿ ಪಾಠಗಳನ್ನು ಓದಿ ಅಭ್ಯಾಸಗಳನ್ನು ಬರೆಯುತ್ತಿದ್ದರು; ವಾರಕ್ಕೊಮ್ಮೆ ಅಧ್ಯಾಪಕನು ಕೇಂದ್ರಕ್ಕೆ ಬಂದು ಕೆಲವು ಗಂಟೆಗಳ ಕಾಲ ಅವರೊಡನೆ ಚರ್ಚಿಸುತ್ತಿದ್ದನು. ಕಾಲಕಾಲಕ್ಕೆ ಎಲ್ಲರೂ ಮುಖ್ಯಸ್ಥಾನದಲ್ಲಿ ಕೂಡಿಬರುತ್ತಿದ್ದರು. ಪ್ರಾಥಮಿಕ ಶಾಲೆಯನ್ನು ಮಾತ್ರ ಮುಗಿಸಿದವರಿಗೂ ಹೆಚ್ಚು ಓದಿದವರಿಗೂ ಬೇರೆ ಬೇರೆ ಮಟ್ಟದ ಪಾಠಗಳಿದ್ದವು. ಕೆಲವೇ ವರ್ಷಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆಯು ನೂರನ್ನು ದಾಟಿತು.

ಈ ಅನುಭವವು ಒಂದು ಸಂಗತಿಯನ್ನು ಅವರಿಗೆ ಕಲಿಸಿತು. ವಸತಿ ಶಾಲೆಯ ಪಠ್ಯಪುಸ್ತಕವನ್ನು ಒಬ್ಬನ ಕೈಗೆ ಕೊಟ್ಟು ಮನೆಯಲ್ಲಿ ಓದೆಂದು ಹೇಳಿದರೆ ಸಾಲದು. ಆ ಪುಸ್ತಕವು ವಿವರಿಸಿ ಹೇಳುವ ಗುರುವು ಎದುರಿಗಿದ್ದಾನೆಂದು ಭಾವಿಸಿ ಬರೆದದ್ದು. ಆದುದರಿಂದ ಮನೆಯಲ್ಲಿ ತಾನೇ ಕಲಿಯುವವನಿಗಾಗಿ ಬೇರೆ ವಿಧದ ಪುಸ್ತಕಗಳು ಬೇಕಾದವು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಕಿನ್ನರ್ 1954ರಿಂದ ಪ್ರಚುರಪಡಿಸಿದ್ದ ಕ್ರಮಬದ್ಧ ಸ್ವಬೋಧನೆಯ ವಿಧಾನವನ್ನು ವಿಸ್ತರಣಾ ಶಿಕ್ಷಣದವರು ಬಳಸಿಕೊಂಡರು. ಇದರಲ್ಲಿ ವಿಷಯವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿ, ಪ್ರತಿಯೊಂದರ ಕೊನೆಯಲ್ಲಿ ಪ್ರಶ್ನೆಯನ್ನು ಕೇಳಿ, ಸರಿಯಾದ ಉತ್ತರವನ್ನು ಆಗಲೇ ತೋರಿಸಲಾಗುತ್ತದೆ. ಕಲಿಯುವವನು ತನ್ನ ತಪ್ಪನ್ನು ತಾನೇ ತಿದ್ದಿಕೊಂಡು ತನ್ನ ವೇಗದಲ್ಲಿ ಮುಂದುವರಿಯುತ್ತಾನೆ.

ಬೇಲಿಯ ಹೋಲಿಕೆ

1967ರಲ್ಲಿ ಕೊಲಂಬಿಯ ದೇಶದ ಆರ್ಮೇನಿಯ ಪಟ್ಟಣದಲ್ಲಿ ನಡೆದ ಸಮಾಲೋಚನೆಯಿಂದ ಈ ಕ್ರಮವು ಲ್ಯಾಟಿನ್ ಅಮೆರಿಕದ ಇತರ ಸಭೆಗಳ ಗಮನಕ್ಕೆ ಬಂದಿತು. 1969ರಲ್ಲಿ ವಿಂಟರರು ಸಂಪಾದಿಸಿದ ದೊಡ್ಡ ಗ್ರಂಥವು ಅದನ್ನು ಲೋಕಕ್ಕೆ ಪರಿಚಯಿಸಿತು. ಆ ಕಾಲದಲ್ಲಿ ಶಿಕ್ಷಣತಜ್ಞರಾದ ಟೆಡ್ ವಾರ್ಡ್ ಈ ಕ್ರಮದ ಒಳರಚನೆಯನ್ನು ಮರದ ಬೇಲಿಯ ಹೋಲಿಕೆಯಿಂದ ವಿವರಿಸಿದರು. ಬೇಲಿಯಲ್ಲಿ ಎರಡು ಅಡ್ಡಮರಗಳಿವೆ. ಒಂದು ಮನೆಯಲ್ಲಿ ಓದಿ ಪಡೆದ ತಿಳಿವಳಿಕೆ. ಇನ್ನೊಂದು ಸಭೆಯಲ್ಲಿ ಮಾಡುವ ಸೇವೆಯ ಅನುಭವ. ಇವೆರಡನ್ನೂ ಹಿಡಿದು ನಿಲ್ಲಿಸುವ ಗೂಟಗಳು ಗುರುಶಿಷ್ಯರು ಕೂಡಿ ಚರ್ಚಿಸುವ ಕೂಟಗಳು. ಆಫ್ರಿಕದ ಜಾಂಬಿಯದಲ್ಲಿ ಸೇವೆ ಮಾಡಿದ ಫ್ರೆಡ್ ಹಾಲೆಂಡ್ ಇದಕ್ಕೆ ಆತ್ಮಿಕ ರೂಪುಗೊಳ್ಳುವಿಕೆಯನ್ನೂ ಸೇರಿಸಿದರು.

ಈ ಹೋಲಿಕೆಯು ಸರಳವಾಗಿ ಕಂಡರೂ ನಮ್ಮ ವಿಚಾರಕ್ಕೆ ಬಹಳ ಉಪಯುಕ್ತವಾಗಿದೆ. ಅಂಚೆ ಶಾಲೆಯಲ್ಲಿ ಮೇಲಿನ ಅಡ್ಡಮರ ಮಾತ್ರವಿತ್ತು, ಗೂಟಗಳಿರಲಿಲ್ಲ. ವಸತಿ ಶಾಲೆಯಲ್ಲಿ ಗೂಟಗಳು ಹೇರಳವಾಗಿವೆ. ಆದರೆ ಸೇವೆಯ ಅನುಭವವೆಂಬ ಅಡ್ಡಮರವು ವಾರಾಂತ್ಯದ ಕೆಲವು ಗಂಟೆಗಳಿಗೆ ಮೊಟಕಾಗಿರುತ್ತದೆ. ನಮ್ಮ ಗ್ರಾಮಗಳ ಉಪದೇಶಕರಲ್ಲಿ ಅನೇಕರಿಗೆ ಸೇವೆಯ ಅನುಭವವು ಬೇಕಾದಷ್ಟಿದೆ. ಓದಿಗೆ ಪುಸ್ತಕವೂ ಇಲ್ಲ, ಕೂಟಕ್ಕೆ ಗುರುವೂ ಇಲ್ಲ. ಹೀಗೆ ನೋಡಿದಾಗ ಯಾವ ಕ್ರಮವು ಮೇಲು, ಯಾವುದು ಕೀಳು ಎಂಬ ವಾದವು ಹಿಂದಕ್ಕೆ ಸರಿದು, ಯಾರಲ್ಲಿ ಯಾವ ಭಾಗವು ಕೊರತೆಯಾಗಿದೆ ಎಂಬ ವಿಚಾರಣೆಯು ಮುಂದೆ ಬರುತ್ತದೆ.

ಭಾರತದಲ್ಲಿ

ಭಾರತದಲ್ಲಿ ಲೌಕಿಕ ವಿದ್ಯೆಯು ಆ ವೇಳೆಗಾಗಲೇ ಅಂಚೆಯ ದಾರಿಯನ್ನು ಹಿಡಿದಿತ್ತು. ದೆಹಲಿ ವಿಶ್ವವಿದ್ಯಾಲಯವು 1962ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿ ಅದನ್ನು ಕೈಗೊಂಡಿತು. ದೈವಶಾಸ್ತ್ರ ಶಿಕ್ಷಣದಲ್ಲಿ ವಿಸ್ತರಣಾ ಕ್ರಮವು 1971ರಲ್ಲಿ ಟ್ಯಾಫ್ಟೀ ಎಂಬ ಸಂಸ್ಥೆಯ ಮೂಲಕ ನೆಲೆಯೂರಿತು. ಇದರ ಕೇಂದ್ರವು ಬೆಂಗಳೂರಿನಲ್ಲಿ ಸ್ಥಾಪಿತವಾದದ್ದು ಕನ್ನಡ ನಾಡಿನ ಸಭೆಗಳು ನೆನೆಯತಕ್ಕ ಸಂಗತಿ. ಹಲವು ಸಭಾಪಂಗಡಗಳಿಗೆ ಸೇರಿದ ವಿಶ್ವಾಸಿಗಳು ಮನೆಯಲ್ಲಿ ಓದಿ, ವಾರಕ್ಕೊಮ್ಮೆ ಕೂಡಿ ಕಲಿಯುವ ಏರ್ಪಾಡು ಅನೇಕ ಪಟ್ಟಣಗಳಲ್ಲಿ ನಡೆಯಿತು. ಸೆರಾಂಪುರದ ಸೆನೆಟ್ ಸಹ ಕೆಲಸದಲ್ಲಿರುವ ವಿಶ್ವಾಸಿಗಳಿಗಾಗಿ ಹೊರವಿದ್ಯಾರ್ಥಿಗಳ ಪರೀಕ್ಷೆಗಳನ್ನು ಏರ್ಪಡಿಸಿತು.

ಆದರೆ ಗ್ವಾಟೆಮಾಲದಲ್ಲಿ ನಡೆದದ್ದಕ್ಕೂ ನಮ್ಮಲ್ಲಿ ನಡೆದದ್ದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ವಿಸ್ತರಣಾ ಶಿಕ್ಷಣವು ಹಳ್ಳಿಯ ಮುಖಂಡನನ್ನು ಸಭಾಪಾಲಕನ ಅಭಿಷೇಕಕ್ಕೆ ಸಿದ್ಧಪಡಿಸುವ ದಾರಿಯಾಗಿ ಹುಟ್ಟಿತು. ನಮ್ಮಲ್ಲಿ ಅದು ಮುಖ್ಯವಾಗಿ ಪಟ್ಟಣದ ಉದ್ಯೋಗಸ್ಥರಾದ ಸಭಿಕರ ಶಿಕ್ಷಣವಾಗಿ ಬೆಳೆಯಿತು. ಇದರಿಂದ ಬ್ಯಾಂಕಿನಲ್ಲಿಯೂ ಶಾಲೆಯಲ್ಲಿಯೂ ಕೆಲಸ ಮಾಡುವ ಸ್ತ್ರೀಪುರುಷರು ಸತ್ಯವೇದವನ್ನು ಕ್ರಮವಾಗಿ ಕಲಿತರು. ಇದು ಅಲ್ಪ ಸಾಧನೆಯಲ್ಲ. ಅಭಿಷಿಕ್ತ ಸೇವೆಯ ದ್ವಾರವು ಮಾತ್ರ ವಸತಿ ಶಾಲೆಯ ದ್ವಾರವಾಗಿಯೇ ಉಳಿಯಿತು. ವಿಸ್ತರಣಾ ಕ್ರಮದಲ್ಲಿ ಕಲಿತವರನ್ನು ಎರಡನೆಯ ದರ್ಜೆಯವರೆಂದು ನೋಡುವ ಅಭ್ಯಾಸವೂ ನಮ್ಮಲ್ಲಿ ಉಳಿದುಕೊಂಡಿತು.

ಆಕ್ಷೇಪಣೆಗಳು

ವಿಸ್ತರಣಾ ಶಿಕ್ಷಣದಲ್ಲಿ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಖಾಲಿ ಸ್ಥಳವನ್ನು ತುಂಬುವ, ಸಿದ್ಧ ಉತ್ತರವನ್ನು ಸರಿನೋಡುವ ಪಾಠಪುಸ್ತಕವು ಲೇಖಕನ ಉತ್ತರವನ್ನೇ ವಿದ್ಯಾರ್ಥಿಯ ಉತ್ತರವಾಗಿ ಮಾಡುವ ಅಪಾಯವಿದೆ. ವ್ಯಾಕರಣವನ್ನು ಹೀಗೆ ಕಲಿಸಬಹುದು. ಯೋಬನ ಪುಸ್ತಕವನ್ನು ಹೀಗೆ ಕಲಿಸಲಾಗದು. ಗುರುವು ವಿದ್ಯಾರ್ಥಿಯ ಮನಸ್ಸಿನಲ್ಲಿ ಜ್ಞಾನವನ್ನು ಠೇವಣಿಯಿಡುವ ಶಿಕ್ಷಣವನ್ನು ಬ್ರೆಜಿಲ್ ದೇಶದ ಪಾವ್ಲೊ ಫ್ರೇರಿ ಕಟುವಾಗಿ ಟೀಕಿಸಿದರು. ಆ ಟೀಕೆಯು ಇಂಥ ಪುಸ್ತಕಗಳಿಗೂ ತಟ್ಟುತ್ತದೆ. ಶೋಕಿ ಕೋ ಅವರ ನಾಯಕತ್ವದಲ್ಲಿ ದೈವಶಾಸ್ತ್ರ ಶಿಕ್ಷಣ ನಿಧಿಯು 1972ರಲ್ಲಿ ಸಂದರ್ಭೋಚಿತ ದೈವಶಾಸ್ತ್ರದ ಪ್ರಶ್ನೆಯನ್ನು ಎತ್ತಿದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ಒಂದು ಖಂಡದಲ್ಲಿ ಬರೆದ ಪಾಠವನ್ನು ಇನ್ನೊಂದು ಖಂಡದ ಭಾಷೆಗೆ ತರ್ಜುಮೆ ಮಾಡಿದ ಮಾತ್ರಕ್ಕೆ ಅದು ಅಲ್ಲಿಯ ಜನರ ಪ್ರಶ್ನೆಗಳಿಗೆ ಉತ್ತರವಾಗುವುದಿಲ್ಲ. ನಮ್ಮ ಗ್ರಾಮದ ಉಪದೇಶಕನು ಜಾತಿಯ ಅವಮಾನವನ್ನೂ ಸಾಲದ ಹೊರೆಯನ್ನೂ ಎದುರಿಸುವ ಜನರ ನಡುವೆ ಬೋಧಿಸುತ್ತಾನೆ. ಅವನ ಪಾಠಪುಸ್ತಕವು ಅದನ್ನು ಅರಿತಿರಬೇಕು.

ವಸತಿ ಶಾಲೆಯ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳಿವೆ. ದೊಡ್ಡ ಗ್ರಂಥಾಲಯ, ಮೂಲಭಾಷೆಗಳ ಅಭ್ಯಾಸ, ಬೇರೆ ಪಂಗಡದವರೊಡನೆ ಕೂಡಿ ಉಣ್ಣುವ ಮತ್ತು ಪ್ರಾರ್ಥಿಸುವ ಜೀವನ ಇವು ಸುಲಭವಾಗಿ ಬೇರೆಡೆ ದೊರೆಯುವುದಿಲ್ಲ. ಜಾತಿಭೇದವುಳ್ಳ ನಮ್ಮ ಸಮಾಜದಲ್ಲಿ ಒಂದೇ ಪಂಕ್ತಿಯಲ್ಲಿ ವರ್ಷಗಳ ಕಾಲ ಕುಳಿತು ಉಂಡವರು ಕಲಿಯುವ ಪಾಠವನ್ನು ಯಾವ ಪುಸ್ತಕವೂ ಕಲಿಸಲಾರದು. ವಿಸ್ತರಣಾ ಕ್ರಮದ ಕೂಟಗಳು ಈ ಸಹಜೀವನವನ್ನು ಸ್ವಲ್ಪಮಟ್ಟಿಗಾದರೂ ಒದಗಿಸಬೇಕು.

ಇಂದಿನ ಪ್ರಶ್ನೆ

2020ರಲ್ಲಿ ಸಾಂಕ್ರಾಮಿಕ ರೋಗದ ಕಾರಣ ಕಾಲೇಜುಗಳು ಮುಚ್ಚಿದಾಗ ಅಧ್ಯಾಪಕರು ಫೋನಿನ ಮತ್ತು ಕಂಪ್ಯೂಟರಿನ ಪರದೆಯ ಮೂಲಕ ಪಾಠ ಹೇಳಲು ಕಲಿತರು. ಇದರ ತರುವಾಯ ದೂರದ ವಿದ್ಯಾರ್ಥಿಯ ಸಮಸ್ಯೆಯು ತೀರಿತೆಂದು ಭಾವಿಸುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ತರಗತಿಯ ಉಪನ್ಯಾಸವನ್ನು ಪರದೆಯ ಮೇಲೆ ತೋರಿಸುವುದು ವಸತಿ ಶಾಲೆಯ ಪಠ್ಯಪುಸ್ತಕವನ್ನು ಮನೆಯಲ್ಲಿ ಓದೆಂದು ಕೊಟ್ಟದ್ದಕ್ಕೆ ಸಮಾನವಾಗಿದೆ. ಆ ತಪ್ಪನ್ನು ಗ್ವಾಟೆಮಾಲದವರು ಅರವತ್ತು ವರ್ಷಗಳ ಹಿಂದೆಯೇ ಕಂಡುಕೊಂಡರು. ಮಾತು ಮುಟ್ಟುವ ವೇಗವು ಹೆಚ್ಚಿದೆ. ಒಬ್ಬನೇ ಕುಳಿತು ಕಲಿಯುವವನ ಒಂಟಿತನವು ಸ್ಕ್ರಾಂಟನ್ನಿನ ಅಂಚೆ ಶಾಲೆಯ ಕಾಲದಲ್ಲಿದ್ದಂತೆಯೇ ಇದೆ.

ಆದುದರಿಂದ ಈ ಚರಿತ್ರೆಯಿಂದ ಮೂರು ಪಾಠಗಳನ್ನು ನಮ್ಮ ಸಭೆಗಳ ಮುಂದೆ ಇಡಲು ಬಯಸುತ್ತೇವೆ. ಮೊದಲನೆಯದಾಗಿ, ಯಾರಿಗೆ ಶಿಕ್ಷಣ ಕೊಡಬೇಕೆಂಬುದನ್ನು ಸಭೆಯು ತಾನೇ ಈಗಾಗಲೇ ಗುರುತಿಸಿದ ಸೇವಕರಿಂದ ಆರಂಭಿಸಬೇಕು. ಅರ್ಜಿ ಹಾಕಿದವರಿಂದ ಮಾತ್ರವಲ್ಲ. ಎರಡನೆಯದಾಗಿ, ಮನೆಯಲ್ಲಿ ಕಲಿಯುವವರಿಗಾಗಿ ಕನ್ನಡದಲ್ಲಿಯೇ, ನಮ್ಮ ಸಭೆಗಳ ಪ್ರಶ್ನೆಗಳನ್ನು ಅರಿತು ಬರೆದ ಪುಸ್ತಕಗಳು ಬೇಕು. ಇದು ನಮ್ಮ ಅಧ್ಯಾಪಕರ ಪಾಂಡಿತ್ಯಕ್ಕೆ ಕಡಿಮೆಯಾದ ಕೆಲಸವಲ್ಲ. ಮೂರನೆಯದಾಗಿ, ಪ್ರತಿಯೊಂದು ಪಾಠದ ಹಿಂದೆ ಒಬ್ಬ ಗುರುವು ಪ್ರಯಾಣ ಮಾಡಬೇಕು. ಬಸ್ಸು ಹತ್ತಿ ಹೋಗಿ, ಊರಿನ ಶಾಲೆಯ ಜಗಲಿಯಲ್ಲೋ ಸಭಾಮಂದಿರದಲ್ಲೋ ಐದಾರು ಮಂದಿಯೊಡನೆ ಕುಳಿತು, ಅವರ ಸಂಶಯಗಳನ್ನು ಕೇಳಿ, ಅವರಿಂದ ತಾನೂ ಕಲಿತು ಹಿಂದಿರುಗಬೇಕು.

ವಾಕ್ಯವು ಶರೀರಧಾರಿಯಾಗಿ ನಮ್ಮ ನಡುವೆ ವಾಸಮಾಡಿತೆಂದು ನಂಬುವ ಸಭೆಯು ತನ್ನ ಶಿಕ್ಷಣದಲ್ಲಿಯೂ ಆ ನಂಬಿಕೆಯನ್ನು ತೋರಿಸಲಿ. ಗ್ವಾಟೆಮಾಲದ ಅಧ್ಯಾಪಕರು ತಮ್ಮ ಇಪ್ಪತ್ತೈದು ವರ್ಷಗಳ ಲೆಕ್ಕವನ್ನು ಧೈರ್ಯದಿಂದ ತೆಗೆದಂತೆ ನಾವೂ ನಮ್ಮ ಲೆಕ್ಕವನ್ನು ತೆಗೆಯೋಣ. ನಮ್ಮಲ್ಲಿ ಕಲಿತವರು ಇಂದು ಎಲ್ಲಿದ್ದಾರೆ, ನಮ್ಮ ಗ್ರಾಮಸಭೆಗಳನ್ನು ಇಂದು ನಡೆಸುತ್ತಿರುವವರು ಯಾರು ಎಂದು ಕೇಳೋಣ. ಈ ಎರಡು ಪಟ್ಟಿಗಳು ಎಷ್ಟರಮಟ್ಟಿಗೆ ಬೇರೆಯಾಗಿವೆಯೋ ಅಷ್ಟರಮಟ್ಟಿಗೆ ನಾವು ಹೊರಟು ಹೋಗಬೇಕಾದ ದಾರಿಯು ನಮ್ಮ ಮುಂದೆ ಉಳಿದಿದೆ.